ತಿದ್ದಿ ಓದಿಕೊಳ್ಳಬೇಡಿ

ಬಂದರ ರಸ್ತೆ, ಹೊನ್ನಾವರ
12 ಫೆಬ್ರವರಿ 2006

ಶ್ರೀಮತಿ ಅಕ್ಕೋರಿಗೆ ಕೃಷ್ಣಾನಂದ ಶಾನಭಾಗನ ನಮಸ್ಕಾರ.

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಪತ್ರ ಯಾರದೆಂದು ನಿಮಗೆ ಗೊತ್ತಾಗಿರುತ್ತದೆ. ಒಡೆಯದೆ, 'ಸ್ವೀಕರಿಸಲು ನಿರಾಕರಿಸಿದ್ದಾರೆ' ಎಂದು ಬರೆದು ವಾಪಸು ಕಳಿಸುವ ಅಧಿಕಾರ ಹೊನ್ನೆಗದ್ದೆಯ ಪೋಸ್ಟ್‌ಮಾಸ್ಟರಾದ ನಿಮಗೆ ಇದ್ದೇ ಇದೆ. ಹಾಗೆ ಮಾಡಿಲ್ಲ ಎಂದುಕೊಂಡು ಬರೆಯುತ್ತೇನೆ. ಏಳು ವರ್ಷ ಮಾತು ಬಿಟ್ಟವನು ಈಗ ಕುಶಲ ವಿಚಾರಿಸಿದರೆ ನಿಮಗೆ ನಗು ಬರುತ್ತದೆ. ಆದ್ದರಿಂದ ನೇರ ಕೆಲಸದ ಮಾತಿಗೆ ಬರುತ್ತೇನೆ.

ನಮ್ಮ 'ಅಳಿವೆ' ಇಂಟರ್ನೆಟ್ಟಿಗೆ ಹತ್ತಿದೆ. ನದಿ ಸಮುದ್ರ ಸೇರುವ ಜಾಗದ ಹೆಸರಿಟ್ಟುಕೊಂಡ ವಾರಪತ್ರಿಕೆ ಇಷ್ಟು ವರ್ಷ ಹೊನ್ನಾವರದ ಸೇತುವೆ ದಾಟುವುದಕ್ಕೇ ತಿಣುಕಾಡುತ್ತಿತ್ತು. ಈಗ ದುಬೈ, ಮಸ್ಕತ್ ಎಂದು ತಿರುಗುತ್ತಿದೆ. ಶಿರಾಲಿಯ ವಿನೋದ ನಾಯ್ಕ ಎಂಬವರು ಸೈಬರ್ ಕೆಫೆ ಮುಚ್ಚಿ ನಮ್ಮಲ್ಲಿಗೆ ಬಂದಿದ್ದಾರೆ, ಆ ಕೆಲಸವೆಲ್ಲ ಅವರದು. ಕೆಲವು ಕಂಪ್ಯೂಟರಿನಲ್ಲಿ ನಮ್ಮ ಕನ್ನಡ ಬರೀ ಡಬ್ಬಿ ಡಬ್ಬಿಯಾಗಿ ಕಾಣುತ್ತದಂತೆ. ಆದರೂ ಜನ ಡಬ್ಬಿಯ ನಡುವೆ ತಮ್ಮ ಊರ ಹೆಸರು ಹುಡುಕಿಕೊಂಡು ಓದುತ್ತಾರೆ.

ನನ್ನ ಯೋಜನೆ ಇಷ್ಟು. ಪತ್ರಿಕೆಯಲ್ಲಿ ಅಚ್ಚಾದದ್ದನ್ನೇ ಕಂಪ್ಯೂಟರಿನಲ್ಲಿ ಮತ್ತೆ ತೋರಿಸಿದರೆ ಅದು ತಂಗಳು. ಪ್ರತಿ ವಾರ ಪತ್ರಿಕೆಯಲ್ಲಿ ಒಂದು ಪ್ರಶ್ನೆ ಹಾಕುತ್ತೇನೆ. ಓದುಗರು ಮೊಬೈಲಿನಿಂದ ಮೆಸೇಜು ಕಳಿಸಿ ಉತ್ತರಿಸಬೇಕು. ಉತ್ತರ ಅದೇ ಸಂಜೆ ಇಂಟರ್ನೆಟ್ಟಿನ ಪುಟದಲ್ಲಿ, ಅದರಲ್ಲಿ ಒಳ್ಳೆಯದು ಮುಂದಿನ ವಾರ ಪತ್ರಿಕೆಯಲ್ಲಿ. ಪುಟದ ಹೆಸರು 'ಊರೇ ವರದಿಗಾರ'. ಕಡಲ ಬದಿಯ ಊರುಗಳು ಹೇಗೋ ಸಿಕ್ಕಾವು. ಗುಡ್ಡದ ಒಳಗಿನ ಊರುಗಳಿಗೆ ನೀವೇ ಆಗಬೇಕು. ಅಲ್ಲಿ ಯಾರ ಮನೆಯಲ್ಲಿ ಏನಾಯಿತೆಂದು ಆ ಮನೆಯವರಿಗಿಂತ ಮೊದಲು ನಿಮಗೆ ಗೊತ್ತಾಗುತ್ತದೆ.

ಬನ್ನಿ. ವಾರವಾರ ಬಂದು ನೀವು ನನ್ನ ಪಕ್ಕ ಕೂರುತ್ತಿದ್ದ ಕುರ್ಚಿ ಅಲ್ಲೇ ಇದೆ.

ನಿಮ್ಮ ಹಳೆಯ ಸಹೋದ್ಯೋಗಿ,
ಕೃಷ್ಣಾನಂದ


ಹೊನ್ನೆಗದ್ದೆ ಅಂಚೆ ಕಚೇರಿ
3 ಮಾರ್ಚ್ 2006

ಸಂಪಾದಕರಿಗೆ,

ಲಕೋಟೆಯ ಮೇಲೆ 'ಶ್ರೀಮತಿ ಹೆಗಡೆ' ಎಂದಷ್ಟೇ ಬರೆದಿದ್ದೀರಿ. 'ಶ್ರೀಮತಿ ಶ್ರೀಮತಿ ಹೆಗಡೆ' ಎಂದಿದ್ದರೆ ಒಂದನ್ನು ಪುನರುಕ್ತಿ ಎಂದು ಹೊಡೆದುಹಾಕುವುದು ನಿಮ್ಮ ಹಳೆಯ ಚಾಳಿ. ನನ್ನಪ್ಪ ಇಟ್ಟ ಹೆಸರು ಹೋಯಿತೋ ಮದುವೆಯಿಂದ ಬಂದ ಮರ್ಯಾದೆ ಹೋಯಿತೋ ನನಗೆ ಇವತ್ತಿಗೂ ತಿಳಿದಿಲ್ಲ.

ನಿಮ್ಮ ಪತ್ರಿಕೆಯನ್ನು ನಾನು ಓದುವುದು ಬಿಟ್ಟಿಲ್ಲ. ಊರಿಗೆ ಬರುವ ಪ್ರತಿಗಳೆಲ್ಲ ನನ್ನ ಕೈ ದಾಟಿಯೇ ಹೋಗಬೇಕು. ಮಡಿಕೆ ಕೆಡದಂತೆ ಓದುವ ವಿದ್ಯೆ ಅಂಚೆಯವರಿಗೆಲ್ಲ ಬರುತ್ತದೆ. ಆದರೆ ನಾನು ಬರೆಯುವುದಿಲ್ಲ. ಕಾರಣ ನಿಮಗೆ ನೆನಪಿಲ್ಲದಿದ್ದರೆ ಹೇಳುತ್ತೇನೆ, ಕೇಳಿ.

ಗಣಪಿ ಅಜ್ಜಿಯ ಬಗ್ಗೆ ನಾನು ಬರೆದಿದ್ದೆ. ಬೀಸುವ ಹಾಡು, ನಾಟಿಯ ಹಾಡು, ಮದುವೆ ಮನೆಯ ಹಾಡು ಎಲ್ಲ ಅವಳ ಬಾಯಲ್ಲಿತ್ತು. ಕೊನೆಯಲ್ಲಿ ಅವಳ ಮಾತನ್ನೇ ಇಟ್ಟಿದ್ದೆ: "ಯಂಗೆ ಎಲ್ಲಾ ನೆಂಪಿದ್ದು." ನಮ್ಮ ಮಾತಿನಲ್ಲಿ ಹಾಗೆಂದರೆ ನನಗೆ ಎಲ್ಲ ನೆನಪಿದೆ ಎಂದು. ಮಾತು ಅಲ್ಲಿಗೆ ಮುಗಿಯಿತು. ನಿಮಗೆ ಅದು ಅರ್ಧ ವಾಕ್ಯವಾಗಿ ಕಂಡಿತು. ನೀವು ಪೂರ್ತಿ ಮಾಡಿದಿರಿ. "ನನಗೆ ಎಲ್ಲವೂ ನೆನಪಿದ್ದು, ಈಚೆಗೆ ಮರೆತುಹೋಗಿದೆ" ಎಂದು ಅಚ್ಚಾಯಿತು.

ಅಜ್ಜಿಗೆ ಮೊಮ್ಮಗಳು ಓದಿ ಹೇಳಿದಳು. "ಯಂಗೆ ಅರುಳು-ಮರುಳು ಹೇಳಿ ಪೇಪರಲ್ಲಿ ಹಾಕ್ಸಿದ್ಯಲೇ" ಎಂದು ನನ್ನ ಮುಖಕ್ಕೇ ಬಾಗಿಲು ಹಾಕಿಕೊಂಡಳು. ನಾನು ಹೊನ್ನಾವರಕ್ಕೆ ಬಂದು ತಿದ್ದುಪಡಿ ಹಾಕಿ ಎಂದೆ. ನೀವು ಕನ್ನಡಕ ಒರೆಸುತ್ತ, "ವ್ಯಾಕರಣ ಸರಿಯಿದೆ" ಎಂದಿರಿ. ಮುಂದಿನ ಮಳೆಗಾಲಕ್ಕೆ ಅಜ್ಜಿ ಹೋದಳು. ಸಾಯುವ ತನಕ ನನಗೆ ಇನ್ನೊಂದು ಹಾಡು ಹೇಳಲಿಲ್ಲ.

ನಿಮ್ಮ ಪುಟದ ಹೆಸರು ಚೆನ್ನಾಗಿದೆ. ಊರೇ ವರದಿಗಾರ ಆದ ಮೇಲೆ ಊರಿನ ಬಾಯಿ ತೊಳೆಯುವ ಕೆಲಸ ಯಾರದು?

ಶ್ರೀಮತಿ ಹೆಗಡೆ


ಹೊನ್ನಾವರ
20 ಏಪ್ರಿಲ್ 2006

ಶ್ರೀಮತಿ ಶ್ರೀಮತಿ ಹೆಗಡೆ ಅಕ್ಕೋರಿಗೆ (ಎರಡೂ ಇಟ್ಟಿದ್ದೇನೆ, ಎಣಿಸಿಕೊಳ್ಳಿ),

ಗಣಪಿ ಅಜ್ಜಿಯ ವಿಷಯದಲ್ಲಿ ನೀವು ಕೋಪ ಮಾಡಿಕೊಂಡದ್ದು ನ್ಯಾಯ. ವ್ಯಾಕರಣ ಸರಿಯಿತ್ತು ಎಂಬುದೂ ನಿಜ. ಎರಡೂ ಒಟ್ಟಿಗೆ ಇರಲಿ ಬಿಡಿ.

ಪುಟದ ಕತೆ ಕೇಳಿ. ಮೊದಲ ಪ್ರಶ್ನೆ, 'ನಿಮ್ಮ ಊರಿಗೆ ಯಾವ ಜಾತ್ರೆ ಹೆಸರುವಾಸಿ?' ಒಬ್ಬನೂ ಉತ್ತರಿಸಲಿಲ್ಲ. ವಿನೋದ, "ಸರ್, ಅದು ಶಾಲೆ ಮಕ್ಕಳಿಗೆ ಕೇಳೂ ಪ್ರಶ್ನೆ. ಜನ್ರಿಗೆ ಎಂತ ಬೇಕು, ಅದ್ನ ಕೇಳ್ವ" ಎಂದರು. ಎರಡನೆಯ ಪ್ರಶ್ನೆ ಅವರದೇ. 'ನಿಮ್ಮೂರಿನ ಬಸ್ಸು ನಿಜಕ್ಕೂ ಎಷ್ಟು ಗಂಟೆಗೆ ಬರುತ್ತದೆ?' ಬೋರ್ಡಿನ ಮೇಲಿನ ಸಮಯ ಬೇಡ, ಬಸ್ಸು ಬರುವ ಸಮಯ ಬೇಕು. ಅಕ್ಕೋರೇ, ಮೊಬೈಲು ಮೇಜಿನ ಮೇಲೆ ನಡುಗುತ್ತ ನಡುಗುತ್ತ ಕೆಳಗೆ ಬಿತ್ತು! ಹಿರೇಗುತ್ತಿಯ ಬೀರಪ್ಪ ಒಂದು ಸಮಯ ಬರೆದರೆ, ಅದು ಸೋಮವಾರ ಮಾತ್ರ ಎಂದು ಅದೇ ಊರಿನ ಇನ್ನೊಬ್ಬರು ತಿದ್ದಿದರು. ಭಟ್ಕಳದ ಬಟ್ಟೆ ವ್ಯಾಪಾರಿಯೊಬ್ಬರು ದುಬೈಯಲ್ಲಿ ಕೂತು, "ನಾನು ಊರಲ್ಲಿದ್ದಾಗಲೂ ಆ ಬಸ್ಸು ತಡವೇ" ಎಂದು ಸಾಕ್ಷಿ ಹೇಳಿದರು. ಈಗ ನಮ್ಮ ಕರಾವಳಿಯ ಖರೇ ಟೈಮ್ ಟೇಬಲ್ ಇರುವುದು ನಮ್ಮ ಪುಟದಲ್ಲಿ ಮಾತ್ರ. ಡ್ರೈವರುಗಳೂ ನೋಡುತ್ತಾರಂತೆ.

ಒಂದು ಸಂಗತಿ ನನಗೆ ಮೊದಲು ಹೊಳೆದಿರಲಿಲ್ಲ. ನಾವು ಬರೆದಾಗ ಜನ ಓದಿ ಸುಮ್ಮನಾಗುತ್ತಿದ್ದರು. ಅವರೇ ಬರೆದಾಗ ಪಕ್ಕದ ಮನೆಯವನನ್ನು ಕರೆದು ತೋರಿಸುತ್ತಾರೆ. ಮಸ್ಕತ್‌ನಲ್ಲಿ ಓದಿದವನು ತನ್ನ ಊರು ಮಂಕಿಗೆ ಫೋನು ಮಾಡುತ್ತಾನೆ. ಮಂಕಿಯಲ್ಲಿ ಕಂಪ್ಯೂಟರೇ ನೋಡದವರಿಗೆ ಪುಟದ ಸುದ್ದಿ ಮಸ್ಕತ್ ಮೂಲಕ ಸಿಗುತ್ತದೆ. ಹೀಗೂ ಒಂದು ಬಟವಾಡೆ ಇದೆ ಎಂದು ನಿಮ್ಮ ಅಂಚೆ ಇಲಾಖೆಗೆ ಹೇಳಿ.

ಬಂದದ್ದನ್ನೆಲ್ಲ ಶುದ್ಧ ಮಾಡಿ ಹಾಕುವವನು ನಾನೇ. ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಒಬ್ಬರದು ಕೊಂಕಣಿ ಮಿಶ್ರ, ಒಬ್ಬರದು ಭಟ್ಕಳದ ಕಡೆಯ ನವಾಯತಿ ಮಿಶ್ರ, ಇನ್ನೊಬ್ಬರದು ನಿಮ್ಮ ಹಾಗೆ. ಹಾಗೇ ಹಾಕಿದರೆ ಪತ್ರಿಕೆಯ ಮಾನ ಏನಾಗಬೇಕು? ಹಾಗಾಗಿ ಬಾಯಿ ತೊಳೆಯುವ ಕೆಲಸ ನನ್ನದೇ, ಸಂಕೋಚವಿಲ್ಲ.

ಕುರ್ಚಿ ಇನ್ನೂ ಖಾಲಿ ಇದೆ.

ಕೃಷ್ಣಾನಂದ


ಹೊನ್ನಾವರ
4 ಜುಲೈ 2006

ಶ್ರೀಮತಿ ಅಕ್ಕೋರಿಗೆ,

ನೀವು ಉತ್ತರಿಸದಿದ್ದರೇನು, ನಿಮ್ಮ ಊರು ಉತ್ತರಿಸಿತು!

ಮಳೆ ಹಿಡಿದಿದೆ, ನಾಟಿ ಶುರುವಾಗಿದೆ, ಗದ್ದೆಯಲ್ಲಿ ಹಾವಿನ ಕಾಟ. ಅದಕ್ಕೇ ಕಳೆದ ವಾರದ ಪ್ರಶ್ನೆ ಹೀಗಿತ್ತು: 'ಹಾವು ಕಚ್ಚಿದರೆ ಕೊಡುವ ಇಂಜೆಕ್ಷನ್ ನಿಮ್ಮ ಹತ್ತಿರ ಎಲ್ಲಿ ಸಿಗುತ್ತದೆ?' ಕುಮಟಾದಿಂದ ಭಟ್ಕಳದ ತನಕ ಉತ್ತರ ಬಂತು. ಎಲ್ಲವನ್ನೂ ಊರವಾರು ಜೋಡಿಸಿ ಪುಟದ ತಲೆಯ ಮೇಲೇ ಇಟ್ಟಿದ್ದೇವೆ. ಪತ್ರಿಕೆಯ ಇಷ್ಟು ವರ್ಷಗಳಲ್ಲಿ ಇಷ್ಟು ಉಪಯೋಗದ ಕೆಲಸ ನಾನು ಮಾಡಿಲ್ಲ, ಎದೆ ತಟ್ಟಿ ಹೇಳುತ್ತೇನೆ.

ಯಾರೋ ಪುಣ್ಯಾತ್ಮರು ಹೊನ್ನೆಗದ್ದೆಯ ದವಾಖಾನೆಯಲ್ಲೂ ಇಂಜೆಕ್ಷನ್ ಇದೆ ಎಂದು ತಿಳಿಸಿದ್ದಾರೆ. ಗುಡ್ಡದ ಬುಡದ ಅಷ್ಟು ಸಣ್ಣ ದವಾಖಾನೆಯಲ್ಲಿ ಇದೆಯೆಂದು ನನಗೇ ಗೊತ್ತಿರಲಿಲ್ಲ. ಮಂಕಿ ಕಡೆಯವರಿಗೆ ಎಷ್ಟು ಅನುಕೂಲ! ಹೆಸರು ಬರೆದಿಲ್ಲ. ಸಿಕ್ಕಿದರೆ ನನ್ನ ಪರವಾಗಿ ಒಂದು ಚಾ ಕುಡಿಸಿ.

ಕೃಷ್ಣಾನಂದ


ಹೊನ್ನೆಗದ್ದೆ
7 ಜುಲೈ, ಮಧ್ಯಾಹ್ನ

ಶಾನಭಾಗರೇ,

ಈ ಚೀಟಿ ತರುವ ರಿಕ್ಷಾದಲ್ಲೇ ಮಂಕಿಯ ದುರ್ಗಮ್ಮ ಎಂಬ ಹೆಂಗಸು ಇದ್ದಾಳೆ. ನಾಟಿ ಮಾಡುವಾಗ ಹಾವು ಕಚ್ಚಿದೆ. ಡಾಕ್ಟರು ಕಾಲು ಅಲುಗದಂತೆ ಪಟ್ಟಿ ಕಟ್ಟುವಷ್ಟರಲ್ಲಿ ಮನಿಯಾರ್ಡರ್ ಫಾರಮ್ಮಿನ ಬೆನ್ನಿಗೆ ಬರೆಯುತ್ತಿದ್ದೇನೆ. ಫೋನಿನ ತಂತಿ ಬೆಳಿಗ್ಗೆಯಿಂದ ಸತ್ತಿದೆ, ಮೊಬೈಲಿರುವ ಕಂಪೌಂಡರರು ಇವತ್ತು ಊರಲ್ಲಿಲ್ಲ.

ಇಲ್ಲಿ ಇಂಜೆಕ್ಷನ್ ಇಲ್ಲ. ಆ ಮೆಸೇಜು ಕಳಿಸಿದ್ದು ನಾನು, ಕಂಪೌಂಡರರ ಮೊಬೈಲಿನಿಂದ. 'ಇಲ್ಲೆ' ಎಂದು ಬರೆದಿದ್ದೆ. ಇಲ್ಲೆ ಎಂದರೆ ಇಲ್ಲ! ನೀವು 'ಇಲ್ಲೇ ಇದೆ' ಎಂದು ಮಾಡಿದಿರಿ. ನಿಮ್ಮ ಪತ್ರ ಇವತ್ತಿನ ಚೀಲದಲ್ಲಿ ಬಂತು. ಓದಿ ದವಾಖಾನೆಗೆ ಓಡಿದೆ. ಅಷ್ಟರಲ್ಲಿ ರಿಕ್ಷಾ ಬಂತು. ಇವಳ ತಮ್ಮ ಮಸ್ಕತ್‌ನಲ್ಲಿದ್ದಾನಂತೆ, ನಿಮ್ಮ ಪುಟ ಓದಿ ಇಲ್ಲಿಗೆ ಹೋಗಿ ಎಂದನಂತೆ. ನೆಟ್ಟಗೆ ಹೊನ್ನಾವರಕ್ಕೆ ಬಂದಿದ್ದರೆ ಇಷ್ಟೊತ್ತಿಗೆ ಮದ್ದು ಸಿಕ್ಕಿರುತ್ತಿತ್ತು.

ಆಸ್ಪತ್ರೆಗೆ ಹೋಗಿ ನಿಲ್ಲಿ. ಹೋಗುವ ಮೊದಲು ಆ ಸಾಲು ತೆಗೆಸಿ. ಇನ್ನೊಬ್ಬರು ಓದುತ್ತಿರಬಹುದು.

ಶ್ರೀಮತಿ


ಹೊನ್ನಾವರ
15 ಜುಲೈ 2006

ಶ್ರೀಮತಿ ಅಕ್ಕೋರಿಗೆ,

ದುರ್ಗಮ್ಮ ಬದುಕಿದ್ದಾಳೆ. ಇದನ್ನು ಮೊದಲು ಬರೆಯಬೇಕಾಗಿತ್ತು, ಬರೆದೆ.

ಚೀಟಿ ಸಿಕ್ಕ ಕೂಡಲೇ ವಿನೋದ ಸಾಲು ತೆಗೆದರು. ನಾನು ಆಸ್ಪತ್ರೆಯ ಬಾಗಿಲಿಗೆ ಓಡಿದೆ. ಇಂಜೆಕ್ಷನ್ ಹತ್ತಿತು. ಎರಡು ದಿನ ಆಸ್ಪತ್ರೆಯ ಬೆಂಚಿನ ಮೇಲೇ ಕೂತಿದ್ದೆ. ಮೂರನೆಯ ದಿನ ಅವಳು ಗಂಜಿ ಕೇಳಿದಳು. ಪಾದದ ಗಾಯ ಮಾಯಲು ಈ ಮಳೆಗಾಲವೆಲ್ಲ ಬೇಕು, ಈ ವರ್ಷ ಗದ್ದೆಗೆ ಇಳಿಯುವ ಹಾಗಿಲ್ಲ. ನಾನು ಯಾರೆಂದು ಹೇಳಿ, ತಪ್ಪು ನನ್ನದು ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಂಗೆಂತ ಗೊತ್ತು ಮಾರಾಯ್ರೆ. ಪೇಪರ್ನವ್ರು ಹೇಳಿದ್ರೆ ಖರೇ ಇರ್ತದೆ ಅಂತ ತಮ್ಮ ಹೇಳ್ದ" ಎಂದಳು. ಬೈದಿದ್ದರೆ ವಾಸಿಯಿತ್ತು.

ಹೇಗಾಯಿತೆಂದು ನಿಮಗೆ ಹೇಳಬೇಕು. ನಾನೇ ಕೇಳಿದ ಪ್ರಶ್ನೆ 'ಎಲ್ಲಿ?' ಎಂದು. ನಿಮ್ಮ ಊರ ಹೆಸರಿನ ಮುಂದೆ ಐ, ಎಲ್, ಎಲ್, ಇ ಎಂದು ನಾಲ್ಕು ಇಂಗ್ಲಿಷ್ ಅಕ್ಷರ ಉತ್ತರವಾಗಿ ಬಂತು. ಎಲ್ಲಿ ಎಂದವನಿಗೆ ಇಲ್ಲೇ ಎಂದೇ ಕೇಳಿಸಿತು. ನಿಮ್ಮ ಪಕ್ಕ ಅಷ್ಟು ವರ್ಷ ಕೂತು ಕೆಲಸ ಮಾಡಿದವನಿಗೆ 'ಇಲ್ಲೆ' ಏನೆಂದು ಗೊತ್ತಿಲ್ಲವೇ? ಗೊತ್ತಿದೆ. ಆದರೆ ಕೈ ಕೇಳಬೇಕಲ್ಲ. ತಿದ್ದಿ ತಿದ್ದಿ ಅದಕ್ಕೆ ಅಭ್ಯಾಸವಾಗಿದೆ, ತಲೆಗೆ ಮೊದಲೇ ಓಡುತ್ತದೆ.

ನಾನು ಪುಟ ಮುಚ್ಚುತ್ತೇನೆ. ಈ ತಿಂಗಳ ಕೊನೆಗೆ. ವಿನೋದ ಬೇಡವೆಂದು ಜಗಳವಾಡುತ್ತಿದ್ದಾರೆ, ಊಟಕ್ಕೂ ಬರುವುದಿಲ್ಲ. ವಾರಪತ್ರಿಕೆಯಾದರೆ ತಪ್ಪು ಹುಡುಕಲು ಒಂದು ವಾರ ಸಿಗುತ್ತದೆ. ಇದು ಹಾಗಲ್ಲ, ಬೆಂಕಿಪೊಟ್ಟಣ. ನನ್ನ ವಯಸ್ಸಿನವನ ಕೈಯಲ್ಲಿ ಇರಬೇಕಾದದ್ದಲ್ಲ. ತಪ್ಪು ಹೇಗೂ ತೆಗೆದಾಯಿತು, ಬಹಳ ಜನರಿಗೆ ಗೊತ್ತಾಗಿಲ್ಲ. ಮರ್ಯಾದೆಯಿಂದ ಎದ್ದುಬಿಡುತ್ತೇನೆ.

ಕೃಷ್ಣಾನಂದ


ಹೊನ್ನೆಗದ್ದೆ
20 ಜುಲೈ 2006

ಶಾನಭಾಗರೇ,

ದುರ್ಗಮ್ಮನ ಸುದ್ದಿ ಓದಿ ಕೌಂಟರಿನ ಹಿಂದೆ ಕೂತು ಅತ್ತೆ. ಸ್ಟಾಂಪು ಕೇಳಲು ಬಂದ ಜಟ್ಟಿ ಗೌಡ ಹೆದರಿ ಹಾಗೇ ಹೋದ. ಅತ್ತು ಮುಗಿದ ಮೇಲೆ ನಿಮ್ಮ ಪತ್ರದ ಕೊನೆಯ ಭಾಗ ಓದಿ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಆ ಸಾಲು ತೆಗೆಯಿರಿ ಎಂದದ್ದು ನಾನು. ಮುಚ್ಚಿಡಿ ಎಂದಿರಲಿಲ್ಲ. ಬಹಳ ಜನರಿಗೆ ಗೊತ್ತಾಗಿಲ್ಲವಂತೆ! ಗೊತ್ತಾಗದಿರುವುದೇ ಅಪಾಯ. ಆ ಸಾಲನ್ನು ಬರೆದಿಟ್ಟುಕೊಂಡವರು, ಊರಿಗೆ ಫೋನು ಮಾಡಿ ಹೇಳಿದವರು ಎಷ್ಟು ಜನವೋ. ಅವರ ಗೋಡೆಯ ಮೇಲೆ, ಅವರ ತಲೆಯೊಳಗೆ ಇನ್ನೂ ಹೊನ್ನೆಗದ್ದೆಯಲ್ಲಿ ಇಂಜೆಕ್ಷನ್ ಇದೆ. ಅದನ್ನು ವಿನೋದ ಹೇಗೆ ಅಳಿಸುತ್ತಾರೆ? ಗಣಪಿ ಅಜ್ಜಿಯ ಸಲವೂ ನೀವು ಹೀಗೇ ಮಾಡಿದಿರಿ. ಆವತ್ತು ಹೋದದ್ದು ಹಾಡು. ಈ ಸಲ ಒಂದು ಜೀವವೇ ಹೋಗುತ್ತಿತ್ತು.

ಇನ್ನು ಪುಟ ಮುಚ್ಚುವ ಮಾತು. ದುರ್ಗಮ್ಮನಿಗೆ ಹಾವು ಕಚ್ಚಿದ ಗಳಿಗೆಯಲ್ಲಿ ಅವಳ ಮನೆಯವರು ಪಂಚಾಯ್ತಿ ಬಾಗಿಲಿಗೆ ಹೋಗಲಿಲ್ಲ. ನಿಮ್ಮ ಪುಟ ಕೇಳಿದರು. ಅಷ್ಟು ನಂಬಿದವರ ಎದುರಿನಿಂದ ಎದ್ದು ಹೋಗುವುದನ್ನು ಮರ್ಯಾದೆ ಎನ್ನುತ್ತೀರಾ?

ನಮ್ಮ ಕಚೇರಿಯ ಪದ್ಧತಿ ಹೇಳುತ್ತೇನೆ. ವಿಳಾಸ ಸರಿಯಾಗಿ ಓದಲು ಬಾರದ ಪತ್ರ ದಿನಾ ಬರುತ್ತದೆ. ನಾಗ ಎಂದೋ ನಾಗಿ ಎಂದೋ ತಿಳಿಯುವುದಿಲ್ಲ. ನಾವು ಅಕ್ಷರ ತಿದ್ದುವುದಿಲ್ಲ, ಇವನೇ ಇರಬೇಕು ಎಂದು ಯಾರದೋ ಜಗುಲಿಯ ಮೇಲೆ ಹಾಕಿ ಬರುವುದೂ ಇಲ್ಲ. ಕೇಳುತ್ತೇವೆ. ಕೇಳಲು ಆಗದಿದ್ದರೆ ಹಾಗೇ ಇಟ್ಟುಕೊಳ್ಳುತ್ತೇವೆ. ಪತ್ರ ಬರೆದವರದು, ಯಾರಿಗೆ ಬರೆದರೋ ಅವರದು. ನಡುವಿನವರದ್ದಲ್ಲ.

ಹಾಗೆಯೇ ನೀವೂ ಮಾಡಿ. ಬಂದ ಮಾತನ್ನು ಬಂದ ಹಾಗೆ ಹಾಕಿ, ಬೇಕಾದರೆ ಕೆಳಗೆ ಅರ್ಥ ಬರೆಯಿರಿ. ಅರ್ಥ ಖಾತ್ರಿಯಾಗುವ ತನಕ ಕಳಿಸಿದವರಿಗೆ ಫೋನು ಮಾಡಿ. ಮದ್ದು, ನೀರು, ರಸ್ತೆಯ ಸುದ್ದಿಯಾದರೆ ಫೋನು ಮಾಡದೆ ಹಾಕಲೇಬೇಡಿ. ಭಟ್ಕಳದವರ ಮಾತಿಗೆ ಭಟ್ಕಳದವರು, ಮಂಕಿಯವರ ಮಾತಿಗೆ ಮಂಕಿಯವರು ಒಬ್ಬೊಬ್ಬರು ಬೇಕು. ಮತ್ತೆ ತಪ್ಪಿನ ಕತೆ ತಪ್ಪು ಇದ್ದ ಜಾಗದಲ್ಲೇ, ಪುಟದ ತಲೆಯ ಮೇಲೇ ಬರಲಿ. ನಿಮ್ಮ ಹೆಸರು ಹಾಕಿ. ನನ್ನದೂ ಹಾಕಿ. ಹೆಸರಿಲ್ಲದೆ ಕಳಿಸಿದ್ದು ನನ್ನ ಜಂಬ. ನೀವು ಬಲ್ಲ ಹೆಸರಿದ್ದರೆ ನಿಮ್ಮ ಕೈ ಹಾಗೆ ಓಡುತ್ತಿರಲಿಲ್ಲ.

ಶ್ರೀಮತಿ


ಹೊನ್ನಾವರ
11 ಆಗಸ್ಟ್ 2006

ಶ್ರೀಮತಿ ಅಕ್ಕೋರಿಗೆ,

ನಿಮ್ಮ ಪತ್ರ ವಿನೋದರಿಗೆ ಓದಲು ಕೊಟ್ಟೆ. ಓದಿ, "ಆತು ಸರ್, ಈಗ ಊಟ ಮಾಡ್ವ" ಎಂದರು. ಪುಟ ಮುಚ್ಚಲಿಲ್ಲ.

ತಪ್ಪೊಪ್ಪಿಗೆಯ ಒಕ್ಕಣೆ ಬರೆಯಲು ಕೂತೆ. ನಮ್ಮ ಕಸುಬಿನಲ್ಲಿ ತಪ್ಪಿಗೆ ಒಂದು ಸಿದ್ಧ ಸಾಲಿದೆಯಲ್ಲ, 'ಪ್ರಮಾದವಶಾತ್ ಹೀಗಾಗಿದ್ದು, ತಿದ್ದಿ ಓದಿಕೊಳ್ಳಬೇಕು' ಎಂದು. ಅದನ್ನೇ ಬರೆದೆ. ಬರೆದು ನೋಡಿದರೆ, ತನ್ನ 'ನೆಂಪಿದ್ದು'ವಿನ ಹಾಗೇ ಇರುವ ನನ್ನ 'ಆಗಿದ್ದು' ಕಂಡು ಗಣಪಿ ಅಜ್ಜಿ ನಕ್ಕ ಹಾಗಾಯಿತು. ಹರಿದು ಹಾಕಿ ಬೇರೆ ಬರೆದೆ. ಪುಟದಲ್ಲೂ ಪತ್ರಿಕೆಯ ಮುಖಪುಟದಲ್ಲೂ ಬಂದದ್ದು ಹೀಗೆ:

"ಹೊನ್ನೆಗದ್ದೆಯ ಶ್ರೀಮತಿ ಹೆಗಡೆಯವರು ತಮ್ಮೂರಿನಲ್ಲಿ ಹಾವಿನ ಇಂಜೆಕ್ಷನ್ 'ಇಲ್ಲೆ' ಎಂದು ಬರೆದಿದ್ದರು. ಅವರ ಮಾತಿನಲ್ಲಿ ಇಲ್ಲೆ ಎಂದರೆ ಇಲ್ಲ. ಸಂಪಾದಕನಾದ ನಾನು ಅದನ್ನು 'ಇಲ್ಲೇ ಇದೆ' ಎಂದು ತಿದ್ದಿದೆ. ಅದನ್ನು ನಂಬಿ ಮಂಕಿಯ ದುರ್ಗಮ್ಮ ಅಲ್ಲಿಗೆ ಹೋಗಿ ಹೊತ್ತು ಕಳೆದುಕೊಂಡರು. ಅವರು ಬದುಕಿದ್ದಾರೆ. ಅಲ್ಲಿ ಇಂಜೆಕ್ಷನ್ ಇಲ್ಲ, ಯಾರಿಗಾದರೂ ಇದೆ ಎಂದು ಹೇಳಿದ್ದರೆ ಇವತ್ತೇ ಇಲ್ಲ ಎಂದು ಹೇಳಿ. ಇದೇ ಪತ್ರಿಕೆ ಹಿಂದೊಮ್ಮೆ ಗಣಪಿ ಅಜ್ಜಿಗೆ ಹಾಡುಗಳು ಮರೆತಿವೆ ಎಂದು ಬರೆದಿತ್ತು. ಅವರಿಗೆ ಎಲ್ಲಾ ನೆಂಪಿದ್ದು. ಇನ್ನು ಮುಂದೆ ನಿಮ್ಮ ಮಾತನ್ನು ನಾವು ತಿದ್ದುವುದಿಲ್ಲ, ಕೇಳಿಕೊಳ್ಳುತ್ತೇವೆ. — ಕೃಷ್ಣಾನಂದ ಶಾನಭಾಗ"

ಹಾಕಿ ಮನೆಗೆ ಹೋಗಿ ಮಲಗಿದೆ. ಇನ್ನು ಪತ್ರಿಕೆ ಯಾರು ಕೊಳ್ಳುತ್ತಾರೆ ಎಂದುಕೊಂಡಿದ್ದೆ. ಆದದ್ದೇ ಬೇರೆ. ಮೊದಲ ಉತ್ತರ ಮಸ್ಕತ್‌ನಿಂದ, ದುರ್ಗಮ್ಮನ ತಮ್ಮ ಸಂತೋಷನದು. "ಅಕ್ಕ ಈಗ ಅಡ್ಡಿಲ್ಲ. ಅವತ್ತು ನಾನೂ ಒಂದು ಫೋನ್ ಮಾಡಿ ಕೇಳೂದಾಗಿತ್ತು. ಇನ್ನು ಮಂಕಿ ಸುದ್ದಿ ಇದ್ರೆ ಹಾಕೂ ಮೊದ್ಲು ನನ್ನ ಕೇಳಿ, ನಾನು ಮನೆಗೆ ಕೇಳಿ ಹೇಳ್ತೆ" ಎಂದು ಬರೆದಿದ್ದಾನೆ. ನೋಡಿ, ತಿದ್ದಿಲ್ಲ. ಭಟ್ಕಳದ ಆ ಬಟ್ಟೆ ವ್ಯಾಪಾರಿ ನವಾಯತಿ ಮಾತಿಗೆ ತಾನಿದ್ದೇನೆ ಎಂದರು. ಹಿರೇಗುತ್ತಿಯ ಬೀರಪ್ಪ, ಅವನ ಬಸ್ಸಿನ ಸಮಯವನ್ನು ನಾನು ಶುದ್ಧ ಮಾಡುವಾಗ 'ಮುಂಜಾನೆ' ಎಂದದ್ದನ್ನು 'ಮಧ್ಯಾಹ್ನ' ಮಾಡಿದ್ದೆ ಎಂದು ನಾಲ್ಕು ತಿಂಗಳ ಮೇಲೆ ಬಾಯಿಬಿಟ್ಟಿದ್ದಾನೆ. ಮೊದಲೇ ಯಾಕೆ ಹೇಳಲಿಲ್ಲವೋ ಎಂದರೆ, "ನೀವು ದೊಡ್ಡವ್ರು, ಬರ್ದದ್ದು ಸರಿಯೇ ಇರೂಕು ಅಂದ್ಕಂಡೆ" ಎಂದ.

ಇಷ್ಟು ವರ್ಷ ನನ್ನ ಓದುಗರು ನನ್ನನ್ನು ಒಪ್ಪುತ್ತಾರೆ ಎಂದುಕೊಂಡಿದ್ದೆ. ಅವರು ಸುಮ್ಮನಿದ್ದರು ಅಷ್ಟೆ. ಈಗ ಮಾತಾಡುತ್ತಿದ್ದಾರೆ. ಪುಟ ಈಗ ತನ್ನ ಕಾಲ ಮೇಲೆ ನಿಂತಿತು, ಇನ್ನು ಬೀಳುವುದಿಲ್ಲ ಎಂದು ನನಗೆ ಧೈರ್ಯ ಬಂದಿದೆ.

ಚೌತಿ ಮುಗಿದ ಮೇಲೆ, ಸೆಪ್ಟೆಂಬರ್ ಹತ್ತು, ಭಾನುವಾರ, ನಮ್ಮ ಪ್ರೆಸ್ಸಿನ ಮಾಳಿಗೆಯಲ್ಲಿ ಪುಟಕ್ಕೆ ಬರೆಯುವವರೆಲ್ಲ ಸೇರುತ್ತಾರೆ. ದುರ್ಗಮ್ಮನೂ ಬರುತ್ತಾಳೆ, ಕೋಲು ಹಿಡಿದುಕೊಂಡು. ಗುಡ್ಡದ ಕಡೆಯ ಮಾತಿಗೆ ಇನ್ನೂ ಯಾರೂ ಇಲ್ಲ. ಈ ಸಲ ಸಂಪಾದಕನಾಗಿ ಕರೆಯುತ್ತಿಲ್ಲ, ಕೇಳಿಕೊಳ್ಳುತ್ತಿದ್ದೇನೆ. ಬರುತ್ತೀರಾ?

ಕೃಷ್ಣಾನಂದ


ಹೊನ್ನಾವರ
2 ಸೆಪ್ಟೆಂಬರ್ 2006

ಶ್ರೀಮತಿ ಅಕ್ಕೋರಿಗೆ,

ನಿನ್ನೆ ಸಂಜೆ ಪುಟದ ಮೊಬೈಲಿಗೆ ಒಂದು ಮೆಸೇಜು ಬಂತು. ಬಿ, ಎ, ಟಿ, ಟಿ, ಇ. ಕೆಳಗೆ ನಿಮ್ಮ ಹೆಸರು. ಮತ್ತೇನೂ ಇಲ್ಲ.

ಸಭೆಯ ಬ್ಯಾನರಿಗೆ ಬಟ್ಟೆ ಬೇಕೆಂದು ವಿನೋದ ಎರಡು ದಿನದಿಂದ ಕಂಡವರನ್ನೆಲ್ಲ ಕೇಳುತ್ತಿದ್ದಾರೆ. ನೋಡಿದವರೇ, "ಸರ್, ಅಕ್ಕೋರು ಬಟ್ಟೆ ಕಳಿಸ್ತ್ರಂತೆ" ಎಂದು ಕುಣಿದರು. ಮೇಲೆ ಬಂದ ನನ್ನ ಹೆಂಡತಿ ಅದು 'ಭತ್ಯೆ' ಇರಬೇಕು, ಬಸ್ಸಿನ ಖರ್ಚು ಕೇಳಿದ್ದಾರೆ, ಕೊಡುವುದು ಧರ್ಮ ಎಂದಳು.

ನಾನು ನೋಡಿದೆ. ನಿಮ್ಮ ಪಕ್ಕದ ಮೇಜಿನಲ್ಲಿ ಅಷ್ಟು ವರ್ಷ ಕೂತವನು. ನನಗೆ ಏನು ಬೇಕೋ ಹಾಗೇ ಅದು ಓದಿಸಿಕೊಂಡಿತು. ಓದಿ ಸಂತೋಷಕ್ಕೆ ಎದ್ದು ನಿಂತೆ. ಪೆನ್ನು ತೆಗೆದು ನಿಮ್ಮ ಹೆಸರನ್ನು ಪಟ್ಟಿಗೆ ಸೇರಿಸಲು ಹೊರಟೆ. ಆಮೇಲೆ ಪೆನ್ನು ಮುಚ್ಚಿಟ್ಟೆ.

ಎಲ್ಲಿ ಎಂದವನಿಗೆ ಇಲ್ಲೇ ಎಂದು ಕೇಳಿಸಿದ ಹಾಗೆ, ಬರುತ್ತೀರಾ ಎಂದು ಕೇಳಿ ಕಾಯುತ್ತಿರುವವನಿಗೆ ಅವನಿಗೆ ಬೇಕಾದ್ದೇ ಕೇಳಿಸುತ್ತದೆ. ನಿಯಮ ಎಂದರೆ ನಿಯಮ. ಫೋನು ಮಾಡಿದೆ, ನಿಮ್ಮ ಕಡೆಯ ತಂತಿ ಮತ್ತೆ ಸತ್ತಿದೆ, ಮೆಸೇಜು ಬಂದ ಮೊಬೈಲೂ ಸಿಗುತ್ತಿಲ್ಲ. ಅದಕ್ಕೇ ಅಂಚೆಗೆ ಹಾಕುತ್ತಿದ್ದೇನೆ. ದಯವಿಟ್ಟು ಕನ್ನಡದ ಅಕ್ಷರದಲ್ಲಿ ತಿಳಿಸಿ. ಬಟ್ಟೆಯೋ, ಭತ್ಯೆಯೋ, ಅಥವಾ ಮೂರನೆಯದೋ?

ಉತ್ತರ ಬರುವ ತನಕ ಪಟ್ಟಿಯಲ್ಲಿ ನಿಮ್ಮ ಜಾಗ ಖಾಲಿ ಬಿಟ್ಟಿದ್ದೇನೆ.

ಕೃಷ್ಣಾನಂದ


(ಪೋಸ್ಟ್ ಕಾರ್ಡ್)

ಹೊನ್ನೆಗದ್ದೆ
5 ಸೆಪ್ಟೆಂಬರ್ 2006

ಶಾನಭಾಗರಿಗೆ,

ಕೇಳಿದ್ದು ಚೊಲೋ ಆತು.

ಭಾನುವಾರ ಬತ್ತೆ. ತಿದ್ದಲೆ ಎಂತದೂ ಇಲ್ಲೆ.

ಶ್ರೀಮತಿ